ಯಾವುದು ಚೈನ್‌ನಲ್ಲಿ, ಯಾವುದು ಹೊರಗೆ: ಬ್ಲಾಕ್‌ಚೈನ್ ಸಾಮಾಜಿಕ ಜಾಲ ಕಟ್ಟುವವರಿಗೆ ಸಂಗ್ರಹದ ಕೈಪಿಡಿ

ಬ್ಲಾಕ್‌ಚೈನ್ ಆಧಾರಿತ ಸಾಮಾಜಿಕ ಜಾಲಗಳ ಪ್ರಚಾರದಲ್ಲಿ "ನಿಮ್ಮ ಬರಹ, ನಿಮ್ಮ ಚಿತ್ರ ಎಲ್ಲವೂ ಚೈನ್‌ನಲ್ಲೇ ಭದ್ರ" ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಒಳಹೊಕ್ಕು ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ. 2016ರಲ್ಲಿ ಆರಂಭವಾದ ಸ್ಟೀಮ್ ಮತ್ತು 2020ರ ಮಾರ್ಚ್‌ನಲ್ಲಿ ಅದರಿಂದ ಕವಲೊಡೆದ ಹೈವ್, ಬರಹದ ಪಠ್ಯವನ್ನು ಚೈನ್‌ನಲ್ಲೇ ದಾಖಲಿಸುತ್ತವೆ; ಚಿತ್ರಗಳು ಮಾತ್ರ ಬೇರೆ ಸರ್ವರ್‌ಗಳಲ್ಲಿದ್ದು, ಬರಹದೊಳಗೆ ಉಳಿಯುವುದು ಅವುಗಳ ಕೊಂಡಿ. ಲೆನ್ಸ್ 2022ರಲ್ಲಿ ಪಾಲಿಗಾನ್ ಎಂಬ ಚೈನ್ ಮೇಲೆ ಬಂದಾಗ ಅದರ ಕಾಂಟ್ರಾಕ್ಟ್‌ನೊಳಗೆ (ಚೈನ್‌ನಲ್ಲೇ ನಡೆಯುವ ಪ್ರೋಗ್ರಾಂನೊಳಗೆ) ಇದ್ದದ್ದು ಬರಹವಲ್ಲ, ಬರಹ ಸಿಗುವ ವಿಳಾಸ. ಫಾರ್ಕಾಸ್ಟರ್ ಬಳಕೆದಾರರ ಗುರುತನ್ನು ಓಪಿ ಮೇನ್‌ನೆಟ್ ಎಂಬ ಚೈನ್‌ನಲ್ಲಿ ನೋಂದಾಯಿಸಿ, ಸಂದೇಶಗಳನ್ನು ತನ್ನದೇ ಆದ ಪ್ರತ್ಯೇಕ ನೋಡ್‌ಗಳ (ಜಾಲ ನಡೆಸುವ ಕಂಪ್ಯೂಟರ್‌ಗಳ) ಜಾಲದಲ್ಲಿ ಹರಿಯಬಿಟ್ಟಿದೆ. ಚಿತ್ರಕ್ಕೆ ಅಲ್ಲಿಯೂ ಕೊಂಡಿಯೇ ಗತಿ. ಈ ಜಾಲಗಳು ಮೂರು ಬೇರೆ ದಾರಿ ಹಿಡಿದವು, ಆದರೆ ಎಲ್ಲವೂ ಚಿತ್ರವನ್ನು ಚೈನ್‌ನಿಂದ ಹೊರಗೇ ಇಟ್ಟವು.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಚೈನ್‌ನಲ್ಲಿರುವ ಹ್ಯಾಶ್ (ಡೇಟಾದಿಂದ ಲೆಕ್ಕ ಹಾಕಿ ತೆಗೆದ ಚಿಕ್ಕ ಬೆರಳಚ್ಚು) ಎಂದರೆ ಗೋದಾಮಿನ ರಸೀದಿ ಇದ್ದಂತೆ. ಒಪ್ಪಿಸಿದ ಸರಕು ಇದೇ ಹೌದು ಎಂದು ರಸೀದಿ ಸಾಧಿಸಿ ತೋರಿಸಬಲ್ಲದು. ಸರಕನ್ನು ಇಲಿ ತಿನ್ನದಂತೆ ಕಾಯಲಾರದು. ಜಾಲ ಕಟ್ಟುವವರು ಎಡವುವುದು ರಸೀದಿಯನ್ನೇ ಸರಕೆಂದು ತಿಳಿದಾಗ. ಆದ್ದರಿಂದ ಮುಂದಿನ ಪ್ರತಿ ಹಂತದಲ್ಲೂ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದಿರಬೇಕು: ಈ ಡೇಟಾವನ್ನು ಯಾರು ಇಟ್ಟುಕೊಂಡಿರುತ್ತಾರೆ, ಎಷ್ಟು ಕಾಲ, ಯಾರ ಖರ್ಚಿನಲ್ಲಿ?

ಮೊದಲ ಹಂತ: ಡೇಟಾವನ್ನು ತಕರಾರಿನ ಒರೆಗೆ ಹಚ್ಚಿ ವಿಂಗಡಿಸಿ

ಜಾಲದಲ್ಲಿ ಹುಟ್ಟುವ ಪ್ರತಿಯೊಂದು ಬಗೆಯ ಡೇಟಾವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದರ ಮುಂದೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದರ ಬಗ್ಗೆ ನಾಳೆ ಇಬ್ಬರ ನಡುವೆ ತಕರಾರು ಬಂದರೆ, ಜಾಲ ನಡೆಸುವ ನಮ್ಮ ಮಾತನ್ನು ನಂಬದೆಯೇ ತೀರ್ಮಾನ ಆಗಬೇಕೇ? ಆಗಬೇಕು ಎಂದಾದರೆ ಅದರ ಸಾಕ್ಷ್ಯ ಚೈನ್‌ಗೆ ಹೋಗಬೇಕು. ಬೇಕಿಲ್ಲ ಎಂದಾದರೆ ಚೈನ್‌ಗೆ ಹೊರೆ ಹೊರಿಸುವ ಕಾರಣವೇ ಇಲ್ಲ.

ಈ ಒರೆಗೆ ಹಚ್ಚಿದರೆ ಬಳಕೆದಾರರ ಹೆಸರಿನ ಒಡೆತನ, ಅವರ ಪರವಾಗಿ ಸಹಿ ಮಾಡಬಲ್ಲ ಕೀಲಿಗಳು, ಕೀಲಿ ಕಳೆದುಹೋದಾಗ ಖಾತೆಯನ್ನು ಮರಳಿ ಪಡೆಯುವ ವ್ಯವಸ್ಥೆ, ಹಣದ ವರ್ಗಾವಣೆ ಇವು ನಿಸ್ಸಂದೇಹವಾಗಿ ಚೈನ್‌ಗೆ ಸೇರುತ್ತವೆ. ಯಾರು, ಯಾವಾಗ, ಏನನ್ನು ಪ್ರಕಟಿಸಿದರು ಎಂಬುದರ ಹ್ಯಾಶ್ ಕೂಡ ಅಲ್ಲಿಗೇ ಸೇರುತ್ತದೆ. ಚಿತ್ರ, ಧ್ವನಿ, ವಿಡಿಯೊ ಹೊರಗೆ ಉಳಿಯುತ್ತವೆ. ಕಿರುಚಿತ್ರಗಳು, ಮೆಚ್ಚುಗೆಗಳ ಒಟ್ಟು ಎಣಿಕೆ, ಹುಡುಕಾಟದ ಸೂಚಿ, ಯಾರಿಗೆ ಯಾವ ಬರಹ ಮೊದಲು ತೋರಿಸಬೇಕೆಂಬ ಪಟ್ಟಿ ಇವೆಲ್ಲ ಮೂಲ ಡೇಟಾದಿಂದ ಯಾವಾಗ ಬೇಕಾದರೂ ಮತ್ತೆ ಹುಟ್ಟಿಸಬಹುದಾದವು. ಅವುಗಳಿಗೆ ಸಾಮಾನ್ಯ ಡೇಟಾಬೇಸ್ ಸಾಕು.

ನಡುವೆ ಉಳಿಯುವುದು ಪಠ್ಯ, ಹಿಂಬಾಲಿಸುವಿಕೆ ಮತ್ತು ಮೆಚ್ಚುಗೆ. ಹಿಂಬಾಲಕರ ಪಟ್ಟಿಯನ್ನು ಬಳಕೆದಾರರು ಇನ್ನೊಂದು ಆ್ಯಪ್‌ಗೆ ಹೊತ್ತೊಯ್ಯುವಂತಿರಬೇಕು ಎಂಬುದೇ ನಿಮ್ಮ ಜಾಲದ ಮುಖ್ಯ ಭರವಸೆಯಾಗಿದ್ದರೆ, ಅದನ್ನು ಸಹಿ ಮಾಡಿದ ದಾಖಲೆಯಾಗಿ ಇಡಲೇಬೇಕು. ಪ್ರತಿ ಮೆಚ್ಚುಗೆಗೂ ಒಂದು ಚೈನ್ ವ್ಯವಹಾರ ಮಾಡಿಸುವ ವಿನ್ಯಾಸವನ್ನು ಮಾತ್ರ ನಾನು ಒಪ್ಪಲಾರೆ: ಅದರ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ, ಖರ್ಚು ಮಾತ್ರ ಕೋಟಿ ಬಾರಿ ಬೀಳುತ್ತದೆ.

ಎರಡನೆಯ ಹಂತ: ಬೈಟ್ ಎಣಿಸಿ, ಗ್ಯಾಸ್ ಲೆಕ್ಕ ಹಾಕಿ

ಊಹೆಯಿಂದ ತೀರ್ಮಾನಿಸುವುದಕ್ಕಿಂತ ಹತ್ತು ನಿಮಿಷ ಕುಳಿತು ಲೆಕ್ಕ ಹಾಕುವುದು ಲೇಸು. ಇಥೀರಿಯಂ ಮಾದರಿಯ ಚೈನ್‌ಗಳಲ್ಲಿ ಕಾಂಟ್ರಾಕ್ಟ್‌ನ ಸ್ಥಿತಿಯಲ್ಲಿ (ಅದರ ಕಾಯಂ ನೆನಪಿನಲ್ಲಿ) 32 ಬೈಟ್‌ನ ಒಂದು ಹೊಸ ಖಾನೆಯನ್ನು ತುಂಬಲು ಕನಿಷ್ಠ 20,000 ಗ್ಯಾಸ್ (ಚೈನ್ ಮಾಡುವ ಕೆಲಸದ ಶುಲ್ಕವನ್ನು ಅಳೆಯುವ ಮಾನ) ತಗಲುತ್ತದೆ. 200 ಕೆಬಿಯ ಒಂದು ಸಾಧಾರಣ ಫೋಟೊಗೆ ಇಂಥ 6,400 ಖಾನೆಗಳು ಬೇಕು, ಅಂದರೆ 12 ಕೋಟಿ 80 ಲಕ್ಷ ಗ್ಯಾಸ್. ಇಥೀರಿಯಂನಲ್ಲಿ ಒಂದು ಬ್ಲಾಕ್‌ನ ಗ್ಯಾಸ್ ಮಿತಿ ಬಹುಕಾಲ 3 ಕೋಟಿ ಇತ್ತು. 2025ರಲ್ಲಿ ಹಂತಹಂತವಾಗಿ ಏರಿ 6 ಕೋಟಿ ತಲುಪಿತು. ಹೊಸ ಮಿತಿಯಲ್ಲೂ ಒಂದೇ ಒಂದು ಫೋಟೊ ಇಡೀ ಜಗತ್ತಿನ ಇತರ ಎಲ್ಲ ವ್ಯವಹಾರಗಳನ್ನು ಬದಿಗೆ ತಳ್ಳಿ ಎರಡು ಬ್ಲಾಕ್‌ಗಳನ್ನು ನುಂಗಿ, ಮೂರನೆಯದಕ್ಕೂ ಕೈ ಹಾಕುತ್ತದೆ. ಎರಡನೆಯ ಪದರದ ಜಾಲಗಳಲ್ಲಿ (ಮುಖ್ಯ ಚೈನ್‌ನ ಆಸರೆಯಲ್ಲಿ ಕಟ್ಟಿದ ಚೈನ್‌ಗಳಲ್ಲಿ) ಗ್ಯಾಸ್‌ನ ಬೆಲೆ ಬಹಳ ಕಡಿಮೆ ಎಂಬುದು ನಿಜ, ಆದರೆ ಪ್ರತಿ ನೋಡ್ ಆ ಡೇಟಾವನ್ನು ಹೊತ್ತು ತಿರುಗಬೇಕೆಂಬ ಮೂಲ ಸಂಗತಿ ಅಲ್ಲಿಯೂ ಬದಲಾಗುವುದಿಲ್ಲ.

ಸ್ಥಿತಿಯಲ್ಲಿ ಬರೆಯುವುದೊಂದೇ ದಾರಿಯೂ ಅಲ್ಲ. ಕಾಂಟ್ರಾಕ್ಟ್‌ನ ಕೋಡ್ ರೂಪದಲ್ಲಿ ಡೇಟಾ ಇಟ್ಟರೆ ಬೈಟ್‌ಗೆ 200 ಗ್ಯಾಸ್. ಒಂದು ಕಾಂಟ್ರಾಕ್ಟ್‌ಗೆ 24,576 ಬೈಟ್‌ಗಳ ಮಿತಿ ಇದೆ. ಚೈನ್‌ನಲ್ಲೇ ಬದುಕಬೇಕಾದ ಸಣ್ಣ ಕಲಾಕೃತಿಗಳಿಗೆ ಇದು ಸರಿಹೋದೀತು, ಸಾಮಾಜಿಕ ಜಾಲದ ದಿನನಿತ್ಯದ ಹೊಳೆಗೆ ಅಲ್ಲ. ವ್ಯವಹಾರದ ಜೊತೆಗೆ ಹೋಗುವ ಕಾಲ್‌ಡೇಟಾ ಅಗ್ಗ: ಶೂನ್ಯವಲ್ಲದ ಬೈಟ್‌ಗೆ 16 ಗ್ಯಾಸ್, 2025ರ ಮೇ ತಿಂಗಳ ಪೆಕ್ಟ್ರಾ ಪರಿಷ್ಕರಣೆಯ ನಂತರ ಡೇಟಾವೇ ಪ್ರಧಾನವಾದ ವ್ಯವಹಾರಗಳಿಗೆ ಕನಿಷ್ಠ 40. ಕಾಂಟ್ರಾಕ್ಟ್ ಹೊರಡಿಸುವ ಘಟನಾ ದಾಖಲೆಯಾದ ಲಾಗ್‌ನಲ್ಲಿ ಬರೆದರೆ ಬೈಟ್‌ಗೆ 8 ಗ್ಯಾಸ್ ಮತ್ತು ಒಂದಿಷ್ಟು ಮೂಲ ಶುಲ್ಕ. ಆದರೆ ಈ ಎರಡನ್ನೂ ಕಾಂಟ್ರಾಕ್ಟ್ ಮುಂದೆಂದೂ ತಾನಾಗಿ ಓದಲಾರದು; ಹೊರಗಿನ ಸೂಚಿಕಾರ ತಂತ್ರಾಂಶ ಮಾತ್ರ ಓದಬಲ್ಲದು. ಹಳೆಯ ಇತಿಹಾಸವನ್ನು ಎಲ್ಲ ನೋಡ್‌ಗಳೂ ಇಟ್ಟುಕೊಂಡೇ ಇರುತ್ತವೆ ಎಂದು ನಂಬಿ ಕೂರುವಂತೆಯೂ ಇಲ್ಲ. 2025ರ ಜುಲೈಯಿಂದ ಇಥೀರಿಯಂನ ತಂತ್ರಾಂಶಗಳು 2022ರ ಸೆಪ್ಟೆಂಬರ್‌ಗಿಂತ ಹಿಂದಿನ, ಅಂದರೆ ಮರ್ಜ್ ಎಂಬ ದೊಡ್ಡ ಪರಿಷ್ಕರಣೆಗೆ ಮೊದಲಿನ, ಇತಿಹಾಸವನ್ನು ಕೈಬಿಡಲು ಅವಕಾಶ ಕೊಟ್ಟಿವೆ.

ಬ್ಲಾಬ್‌ಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. 2024ರ ಮಾರ್ಚ್ 13ರಂದು ಜಾರಿಗೆ ಬಂದ ಇಥೀರಿಯಂನ ಡೆಂಕುನ್ ಪರಿಷ್ಕರಣೆ ಬ್ಲಾಬ್ ಎಂಬ 128 ಕೆಬಿ ಗಾತ್ರದ ತಾತ್ಕಾಲಿಕ ಡೇಟಾ ಗಂಟುಗಳನ್ನು ತಂದಾಗ, ಚಿತ್ರ ಇಡಲು ಅಗ್ಗದ ಜಾಗ ಸಿಕ್ಕಿತೆಂದು ಹಲವರು ಹಿಗ್ಗಿದರು. ಬ್ಲಾಬ್ ಸುಮಾರು 18 ದಿನಗಳ ನಂತರ ನೋಡ್‌ಗಳಿಂದ ಅಳಿದುಹೋಗುತ್ತದೆ. ಎರಡನೆಯ ಪದರದ ಜಾಲಗಳು ತಮ್ಮ ಲೆಕ್ಕವನ್ನು ಪರಿಶೀಲನೆಗೆ ತೆರೆದಿಡುವ ಸೂಚನಾಫಲಕ ಅದು. ಉಗ್ರಾಣವಾಗಲೆಂದು ಅದನ್ನು ಮಾಡಿದ್ದೇ ಅಲ್ಲ.

ಪಠ್ಯದ ವಿಚಾರದಲ್ಲಿ ಕನ್ನಡದಲ್ಲಿ ಬರೆಯುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಮಿತಿಗಳನ್ನು ಅಕ್ಷರದಲ್ಲಿ ಅಲ್ಲ, ಬೈಟ್‌ನಲ್ಲಿ ನಿಗದಿ ಮಾಡಿರುತ್ತಾರೆ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಸಂಕೇತಬಿಂದುವಿಗೆ (ಯೂನಿಕೋಡ್‌ನಲ್ಲಿ ಸ್ವಂತ ಸಂಖ್ಯೆ ಇರುವ ಬಿಡಿ ಚಿಹ್ನೆಗೆ) 3 ಬೈಟ್ ಬೇಕು. ಒತ್ತಕ್ಷರ, ಕಾಗುಣಿತ ಸೇರಿದಾಗ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ "ಸ್ತ್ರೀ" ಆರು ಸಂಕೇತಬಿಂದುಗಳಾಗಿ 18 ಬೈಟ್ ತಿನ್ನುತ್ತದೆ. ಫಾರ್ಕಾಸ್ಟರ್‌ನ ಸಾಮಾನ್ಯ ಸಂದೇಶದ 320 ಬೈಟ್ ಮಿತಿಯಲ್ಲಿ ಇಂಗ್ಲಿಷ್‌ನವರಿಗೆ 320 ಅಕ್ಷರ ಸಿಕ್ಕರೆ, ಕನ್ನಡಕ್ಕೆ ಸಿಗುವುದು 106 ಸಂಕೇತಬಿಂದು, ಓದುವ ಅಕ್ಷರಗಳ ಲೆಕ್ಕದಲ್ಲಿ ಅದಕ್ಕಿಂತಲೂ ಕಡಿಮೆ. ನಿಮ್ಮ ಜಾಲದ ಮಿತಿಯನ್ನು ನೀವೇ ಗೊತ್ತುಮಾಡುವುದಾದರೆ ಇದನ್ನು ಮೊದಲೇ ಗಮನಿಸಿ.

ಹೀಗೆ ಲೆಕ್ಕ ಮುಗಿದಾಗ ಸಾಮಾನ್ಯವಾಗಿ ಕಂಡುಬರುವುದು ಇಷ್ಟು: 300 ಬೈಟ್‌ನ ಸಣ್ಣ ಪಠ್ಯವನ್ನು ಸ್ಥಿತಿಯಲ್ಲಿ ಬರೆದರೆ ಹತ್ತು ಖಾನೆ, 2 ಲಕ್ಷ ಗ್ಯಾಸ್; ಕಾಲ್‌ಡೇಟಾದಲ್ಲಿ ಕಳಿಸಿದರೆ ಅದೇ ಪಠ್ಯಕ್ಕೆ 4,800ರಿಂದ 12,000; ಅದರ ಹ್ಯಾಶ್ ಮಾತ್ರ ಇಟ್ಟರೆ ಪಠ್ಯ ಎಷ್ಟೇ ಉದ್ದವಿರಲಿ ಒಂದೇ ಖಾನೆ. ಸಾವಿರಾರು ಬರಹಗಳನ್ನು ಒಟ್ಟಿಗೆ ದಾಖಲಿಸುವ ಜಾಲವಾದರೆ ಮರ್ಕಲ್ ವೃಕ್ಷ ಬಳಸಿ. 1,024 ಬರಹಗಳ ಹ್ಯಾಶ್‌ಗಳನ್ನು ಜೋಡಿಜೋಡಿಯಾಗಿ ಕೂಡಿಸುತ್ತಾ ಹೋದರೆ ಕೊನೆಗೆ ಉಳಿಯುವ 32 ಬೈಟ್‌ನ ಬೇರು ಮಾತ್ರ ಚೈನ್‌ಗೆ ಹೋಗುತ್ತದೆ. ಯಾವುದೇ ಒಂದು ಬರಹ ಆ ಗುಂಪಿನಲ್ಲಿತ್ತು ಎಂದು ಸಾಧಿಸಲು ಹತ್ತು ಹ್ಯಾಶ್‌ಗಳು, 320 ಬೈಟ್ ಸಾಕು.

ಮೂರನೆಯ ಹಂತ: ಉಗ್ರಾಣವನ್ನು ಆರಿಸಿ

ಇಲ್ಲಿಯೇ ಹೆಚ್ಚಿನ ಗೊಂದಲ ಇರುವುದರಿಂದ ಸ್ವಲ್ಪ ನಿಧಾನವಾಗಿ ಸಾಗೋಣ.

2015ರಲ್ಲಿ ಬಂದ ಐಪಿಎಫ್‌ಎಸ್ ಅನ್ನು ಹಲವರು ಸಂಗ್ರಹ ಸೇವೆ ಎಂದು ತಿಳಿದಿದ್ದಾರೆ. ಅದು ನಿಜವಾಗಿ ಒಂದು ವಿಳಾಸ ಪದ್ಧತಿ ಮತ್ತು ಸಾಗಾಟ ಪದ್ಧತಿ. ಫೈಲನ್ನು ಸಾಮಾನ್ಯವಾಗಿ 256 ಕೆಬಿಯ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಹ್ಯಾಶ್ ತೆಗೆದು, ಅವುಗಳನ್ನು ವೃಕ್ಷವಾಗಿ ಕಟ್ಟಿ, ಬೇರಿನ ಗುರುತನ್ನು ಸಿಐಡಿ ಎಂದು ಕೊಡುತ್ತದೆ. (ಪೊಲೀಸರ ಸಿಐಡಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಗುರುತು ಪತ್ತೆ ಹಚ್ಚುವ ಕೆಲಸ ಇದರದೂ ಹೌದು.) ವಿಷಯ ಒಂದು ಬಿಟ್ ಬದಲಾದರೂ ಸಿಐಡಿ ಬದಲಾಗುತ್ತದೆ, ಹಾಗಾಗಿ ಯಾವ ಅಪರಿಚಿತ ನೋಡ್‌ನಿಂದ ಫೈಲ್ ಬಂದರೂ ಪರೀಕ್ಷಿಸಿ ಒಪ್ಪಬಹುದು. ಆದರೆ ಆ ಫೈಲನ್ನು ಯಾರಾದರೂ ಪಿನ್ ಮಾಡಿ, ಅಂದರೆ ಅಳಿಸಬಾರದೆಂದು ಗುರುತು ಹಾಕಿ, ಇಟ್ಟುಕೊಂಡಿದ್ದರೆ ಮಾತ್ರ ಅದು ಸಿಗುತ್ತದೆ. ನೋಡ್‌ನಲ್ಲಿ ಕಸ ತೆಗೆಯುವ ಕ್ರಿಯೆ ನಡೆದಾಗ ಪಿನ್ ಆಗದ ತುಣುಕುಗಳು ಅಳಿಯುತ್ತವೆ. "ಐಪಿಎಫ್‌ಎಸ್‌ಗೆ ಹಾಕಿದ್ದೇನೆ, ಇನ್ನು ಶಾಶ್ವತ" ಎಂಬ ನಂಬಿಕೆ ಎಷ್ಟೋ ಪ್ರೊಫೈಲ್ ಚಿತ್ರಗಳನ್ನು ಖಾಲಿ ಚೌಕಗಳನ್ನಾಗಿ ಮಾಡಿದೆ.

ಇನ್ನೊಂದು ಸೂಕ್ಷ್ಮವಿದೆ. ಸಿಐಡಿ ಎಂದರೆ ಯಾವಾಗಲೂ ಇಡೀ ಫೈಲಿನ ನೇರ ಎಸ್‌ಎಚ್‌ಎ-256 ಹ್ಯಾಶ್ ಎಂದಲ್ಲ. ತುಣುಕಿನ ಗಾತ್ರ ಬದಲಾದರೆ ಅದೇ ಫೈಲಿಗೆ ಬೇರೆ ಸಿಐಡಿ ಬರುತ್ತದೆ. ನಾಳೆ ನೀವು ಐಪಿಎಫ್‌ಎಸ್ ಬಿಟ್ಟು ಇನ್ನೊಂದು ಉಗ್ರಾಣಕ್ಕೆ ಹೋಗಬೇಕಾಗಿ ಬಂದಾಗ ಹಳೆಯ ಫೈಲುಗಳನ್ನು ಪರೀಕ್ಷಿಸಲು ನೇರ ಹ್ಯಾಶ್ ಬೇಕಾಗುತ್ತದೆ. ಆದ್ದರಿಂದ ಎರಡನ್ನೂ ದಾಖಲಿಸಿಕೊಳ್ಳಿ.

ಪಿನ್ ಮಾಡುವ ಹೊಣೆಗೆ ಹಣದ ಒಪ್ಪಂದ ಜೋಡಿಸಿದ್ದು ಫೈಲ್‌ಕಾಯಿನ್. ಅದರ ಮುಖ್ಯ ಜಾಲ 2020ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಇಟ್ಟುಕೊಂಡಿದ್ದೇನೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಪ್ರತ್ಯೇಕ ಪ್ರತಿ ಮಾಡಿಟ್ಟಿರುವುದಕ್ಕೂ, ಅದು ಈಗಲೂ ಇದೆ ಎಂಬುದಕ್ಕೂ ಸಂಗ್ರಹಕಾರರು ನಿಯಮಿತವಾಗಿ ಗಣಿತದ ಸಾಕ್ಷ್ಯ ಒಪ್ಪಿಸಬೇಕು, ತಪ್ಪಿದರೆ ಅಡವಿಟ್ಟ ಹಣ ಕಡಿತವಾಗುತ್ತದೆ. ಡೇಟಾ ಇಡುವ ಸೆಕ್ಟರ್‌ಗಳು 32 ಅಥವಾ 64 ಜಿಬಿ ಗಾತ್ರದವು, ಹಾಗಾಗಿ ಸಣ್ಣ ಚಿತ್ರಗಳನ್ನು ಒಂದೊಂದಾಗಿ ಕಳಿಸುವುದರಲ್ಲಿ ಅರ್ಥವಿಲ್ಲ, ದೊಡ್ಡ ಗಂಟಾಗಿ ಕಟ್ಟಬೇಕು. ಮುದ್ರೆಯೊತ್ತಿ ಇಟ್ಟ ಡೇಟಾವನ್ನು ಬಿಚ್ಚಿ ತರಲು ಸಮಯ ಹಿಡಿಯುವುದರಿಂದ, ಜನ ಬೆರಳಾಡಿಸುತ್ತಾ ನೋಡುವ ಚಿತ್ರಗಳಿಗೆ ಇದನ್ನು ನೇರವಾಗಿ ನೆಚ್ಚಬಾರದು. ಇದು ಹಿಂಬದಿಯ ಉಗ್ರಾಣ. ಒಪ್ಪಂದಕ್ಕೆ ಅವಧಿ ಇದೆ ಎಂಬುದನ್ನು ಮರೆಯದೆ ನವೀಕರಣದ ದಿನಾಂಕಗಳನ್ನು ಗುರುತು ಹಾಕಿಕೊಳ್ಳಿ.

ಆರ್‌ವೀವ್‌ನ ಯೋಚನೆ ಬೇರೆ. 2018ರ ಜೂನ್‌ನಲ್ಲಿ ಶುರುವಾದ ಈ ಜಾಲದಲ್ಲಿ ಒಮ್ಮೆ ಹಣ ಕಟ್ಟಿದರೆ ಮುಗಿಯಿತು. ಆ ಹಣದ ಬಹುಪಾಲು ಒಂದು ನಿಧಿಗೆ ಸೇರಿ, ಮುಂದಿನ ವರ್ಷಗಳ ಸಂಗ್ರಹ ವೆಚ್ಚವನ್ನು ಅದು ಭರಿಸಬೇಕು. ಸಂಗ್ರಹದ ವೆಚ್ಚ ವರ್ಷಕ್ಕೆ ಕನಿಷ್ಠ ಶೇ. 0.5ರಷ್ಟಾದರೂ ಇಳಿಯುತ್ತದೆ ಎಂದು ಹಿಡಿದು 200 ವರ್ಷಗಳ ಲೆಕ್ಕದಲ್ಲಿ ಬೆಲೆ ಕಟ್ಟಿದ್ದಾರೆ. ಈ ಊಹೆ ಬಹಳ ಜಾಗರೂಕವಾದದ್ದು, ಏಕೆಂದರೆ ಕಳೆದ ದಶಕಗಳಲ್ಲಿ ಇಳಿಕೆ ಇದಕ್ಕಿಂತ ಎಷ್ಟೋ ವೇಗವಾಗಿತ್ತು. ಆದರೂ ಅದು ಊಹೆಯೇ. "ಶಾಶ್ವತ" ಎಂಬ ಪದವನ್ನು ನಿಮ್ಮ ಬಳಕೆದಾರರಿಗೆ ಹೇಳುವ ಮುನ್ನ ಅದು ಒಂದು ಆರ್ಥಿಕ ಲೆಕ್ಕಾಚಾರದ ಮೇಲೆ ನಿಂತಿದೆ ಎಂದು ನಿಮಗೆ ತಿಳಿದಿರಲಿ. ತಾಂತ್ರಿಕವಾಗಿ ಗಮನಿಸಬೇಕಾದದ್ದು, ಆರ್‌ವೀವ್‌ನ ವ್ಯವಹಾರ ಸಂಖ್ಯೆ ವಿಷಯದ ಹ್ಯಾಶ್ ಅಲ್ಲ, ಸಹಿಯ ಹ್ಯಾಶ್. ಒಂದೇ ಚಿತ್ರವನ್ನು ಎರಡು ಬಾರಿ ಹಾಕಿದರೆ ಎರಡು ಸಂಖ್ಯೆ ಬರುತ್ತದೆ. ಹಲವರ ಡೇಟಾವನ್ನು ಒಟ್ಟುಗೂಡಿಸಿ ಕಳಿಸುವ ಮಧ್ಯವರ್ತಿ ಸೇವೆ ಬಳಸುವಿರಾದರೆ, ಅವರು ತಕ್ಷಣ ಕೊಡುವ ಚೀಟಿಯನ್ನೇ ಅಂತಿಮವೆಂದು ಹಿಡಿಯದೆ, ಗಂಟು ನಿಜವಾಗಿ ಬ್ಲಾಕ್‌ಗೆ ಸೇರಿದೆಯೇ ಎಂದು ಕೆಲ ಗಂಟೆಗಳ ನಂತರ ಪರೀಕ್ಷಿಸುವ ಕೆಲಸವನ್ನು ಸ್ವಯಂಚಾಲಿತವಾಗಿ ಇಡಿ.

ಸ್ವಾರ್ಮ್ ಡೇಟಾವನ್ನು 4 ಕೆಬಿ ತುಣುಕುಗಳಾಗಿ ಹಂಚಿ, ಅಂಚೆಚೀಟಿಯಂಥ ಮುಂಗಡ ಪಾವತಿಯಿಂದ ಜೀವಂತ ಇಡುತ್ತದೆ. ಚೀಟಿಯ ಶಿಲ್ಕು ಕರಗಿದಾಗ ತುಣುಕು ಹೊರಬೀಳಬಹುದು. 2025ರ ಮಾರ್ಚ್‌ನಲ್ಲಿ ಸೂಯಿ ಜಾಲದ ಆಸರೆಯಲ್ಲಿ ಶುರುವಾದ ವಾಲ್ರಸ್, ಪೂರ್ತಿ ಪ್ರತಿಗಳ ಬದಲು ಸಂಕೇತಿಸಿದ ಚೂರುಗಳನ್ನು ಹಂಚಿ, ಕೆಲವು ಚೂರು ಕಳೆದರೂ ಮೂಲವನ್ನು ಮರಳಿ ಕಟ್ಟುತ್ತದೆ. ಅಲ್ಲಿಯೂ ಜಾಗವನ್ನು ಅವಧಿಗೆ ಖರೀದಿಸಬೇಕು.

ನನ್ನ ಸಲಹೆ ಇಷ್ಟು. ದಿನನಿತ್ಯದ ಚಿತ್ರ, ವಿಡಿಯೊಗಳಿಗೆ ಐಪಿಎಫ್‌ಎಸ್ ವಿಳಾಸವನ್ನು ಬಳಸಿ, ಒಂದು ಪಿನ್ ನಿಮ್ಮದೇ ನೋಡ್‌ನಲ್ಲಿ, ಇನ್ನೊಂದು ನಿಮಗೆ ಸಂಬಂಧವಿಲ್ಲದ ಸೇವೆಯಲ್ಲಿ ಇಡಿ. ಎರಡೂ ಪಿನ್‌ಗಳು ಒಂದೇ ಮೋಡ ಸೇವೆಯ ಯಂತ್ರಗಳಲ್ಲಿದ್ದರೆ ಅವು ಎರಡಲ್ಲ, ಒಂದೇ. ಬಳಕೆದಾರರು ತಾವಾಗಿ "ಇದು ಉಳಿಯಬೇಕು" ಎಂದು ಆರಿಸಿದ್ದನ್ನು ಮಾತ್ರ ಆರ್‌ವೀವ್‌ಗೆ ಕಳಿಸಿ. ಎಲ್ಲರ ಎಲ್ಲವನ್ನೂ ಶಾಶ್ವತಗೊಳಿಸುವುದು ಸೇವೆಯಲ್ಲ, ಅಪಾಯ. ಅದರ ಕಾರಣ ಮುಂದೆ ಬರುತ್ತದೆ.

ನಾಲ್ಕನೆಯ ಹಂತ: ಹೊರಡುವ ಮುನ್ನ ಫೈಲನ್ನು ತೊಳೆಯಿರಿ

ಸಾಮಾನ್ಯ ಜಾಲತಾಣದಲ್ಲಿ ತಪ್ಪಾಗಿ ಹಾಕಿದ ಚಿತ್ರವನ್ನು ಸರ್ವರ್‌ನಿಂದ ಅಳಿಸಬಹುದು. ಇಲ್ಲಿ ಹೋದದ್ದು ಹೋದಂತೆಯೇ. ಆದ್ದರಿಂದ ಫೈಲು ಬಳಕೆದಾರರ ಸಾಧನದಿಂದ ಹೊರಬೀಳುವ ಮೊದಲೇ, ಅವರ ಫೋನ್ ಅಥವಾ ಬ್ರೌಸರ್‌ನಲ್ಲೇ, ಸ್ವಚ್ಛಗೊಳಿಸುವ ಕೆಲಸ ಮುಗಿಯಬೇಕು. ಫೋನ್ ಕ್ಯಾಮೆರಾ ತೆಗೆದ ಚಿತ್ರದ ಎಕ್ಸಿಫ್ ಮಾಹಿತಿಯಲ್ಲಿ ಸ್ಥಳದ ಅಕ್ಷಾಂಶ, ರೇಖಾಂಶ, ಸಾಧನದ ವಿವರ, ಕೆಲವೊಮ್ಮೆ ಕತ್ತರಿಸುವ ಮೊದಲಿನ ಚಿತ್ರದ ಕಿರುಪ್ರತಿಯೂ ಅಡಗಿರುತ್ತದೆ. ಟ್ಯಾಗ್‌ಗಳನ್ನು ಒಂದೊಂದಾಗಿ ಅಳಿಸುವುದಕ್ಕಿಂತ ಚಿತ್ರದ ಬಿಂದುಗಳನ್ನು ಮಾತ್ರ ತೆಗೆದುಕೊಂಡು ವೆಬ್‌ಪಿ ಅಥವಾ ಎವಿಐಎಫ್ ರೂಪದಲ್ಲಿ ಹೊಸದಾಗಿ ಬರೆಯುವುದು ಖಚಿತವಾದ ದಾರಿ, ಗಾತ್ರವೂ ತಗ್ಗುತ್ತದೆ. ಫೈಲಿನ ಬಗೆಯನ್ನು ಹೆಸರಿನ ಬಾಲ ನೋಡಿ ನಂಬದೆ ಮೊದಲ ಬೈಟ್‌ಗಳನ್ನು ಓದಿ ತಿಳಿಯಬೇಕು. ಎಸ್‌ವಿಜಿ ಚಿತ್ರದೊಳಗೆ ಸ್ಕ್ರಿಪ್ಟ್ ಇರಬಹುದಾದ್ದರಿಂದ ಅದನ್ನು ಚಿತ್ರಬಿಂದುಗಳಾಗಿ ಪರಿವರ್ತಿಸದೆ ಒಳಗೆ ಬಿಡಬೇಡಿ.

ವಿಡಿಯೊ ಇದ್ದರೆ ಕೆಲವೇ ಸೆಕೆಂಡುಗಳ ತುಂಡುಗಳಾಗಿ, ಎರಡು ಮೂರು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಪ್ರತಿ ತುಂಡಿಗೂ ಹ್ಯಾಶ್ ಇಡಿ. ಇಡೀ ವಿಡಿಯೊಗೆ ಒಂದೇ ಹ್ಯಾಶ್ ಇದ್ದರೆ ಅದು ಪೂರ್ತಿ ಇಳಿಯುವ ತನಕ ನೋಡುಗರ ಸಾಧನ ಏನನ್ನೂ ಪರೀಕ್ಷಿಸಲಾರದು. ಮೂಲ ಪ್ರತಿಯನ್ನು ಭದ್ರ ಉಗ್ರಾಣದಲ್ಲಿಟ್ಟು, ಕಡಿಮೆ ಗುಣಮಟ್ಟದ ಪ್ರತಿಗಳನ್ನು ಅಗ್ಗದ ಜಾಗದಲ್ಲಿ ಇಟ್ಟರೆ ಸಾಕು. ಅವು ಕಳೆದುಹೋದರೆ ಮತ್ತೆ ತಯಾರಿಸಬಹುದು.

ಖಾಸಗಿ ಬರಹಗಳನ್ನು ಎಇಎಸ್-256ರಂಥ ಗೂಢಲಿಪಿಯಲ್ಲಿ, ಪ್ರತಿ ಬರಹಕ್ಕೂ ಬೇರೆ ಕೀಲಿಯಲ್ಲಿ ಮುಚ್ಚಿಯೇ ಕಳಿಸಬೇಕು. ಆದರೂ ಅವನ್ನು ಶಾಶ್ವತ ಸಂಗ್ರಹಕ್ಕೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಇಂದಿನ ಬೀಗವನ್ನು ತೆರೆಯಬಲ್ಲ ಕೈ ಮೂವತ್ತು ವರ್ಷಗಳ ನಂತರ ಬರಬಹುದು, ಬೀಗ ಹಾಕಿದ ಪೆಟ್ಟಿಗೆ ಆಗಲೂ ಬೀದಿಯಲ್ಲೇ ಇರುತ್ತದೆ.

ಐದನೆಯ ಹಂತ: ಬರಹದ ಪಟ್ಟಿಕೆ ಮತ್ತು ಚೈನ್ ದಾಖಲೆ

ಪ್ರತಿ ಬರಹಕ್ಕೂ ಜೇಸನ್ ಎಂಬ ಪಠ್ಯ ರೂಪದಲ್ಲಿ ಒಂದು ಸಣ್ಣ ಪಟ್ಟಿಕೆ ತಯಾರಿಸಿ. ಅದರಲ್ಲಿ ಪಠ್ಯ, ಪ್ರತಿ ಮಾಧ್ಯಮದ ಸಿಐಡಿ, ನೇರ ಎಸ್‌ಎಚ್‌ಎ-256, ಬಗೆ, ಬೈಟ್‌ಗಳಲ್ಲಿ ಗಾತ್ರ, ಅಗಲ, ಎತ್ತರ, ದೃಷ್ಟಿ ಇಲ್ಲದವರಿಗಾಗಿ ಚಿತ್ರದ ವಿವರಣೆ, ಮತ್ತು ಯಾದೃಚ್ಛಿಕವಾಗಿ ಆರಿಸಿದ 32 ಬೈಟ್‌ನ ಒಂದು ಉಪ್ಪು ಇರಲಿ. ಉಪ್ಪು ಏಕೆಂದರೆ, ಫೋನ್ ಸಂಖ್ಯೆಯಂಥ ಚಿಕ್ಕ ವ್ಯಾಪ್ತಿಯ ಮಾಹಿತಿಯ ಹ್ಯಾಶನ್ನು ಎಲ್ಲ ಸಾಧ್ಯತೆಗಳನ್ನೂ ಪ್ರಯತ್ನಿಸಿ ಬಿಡಿಸಬಹುದು. ಉಪ್ಪು ಬೆರೆಸಿದರೆ ಅದು ಸಾಧ್ಯವಿಲ್ಲ.

ಹ್ಯಾಶ್ ತೆಗೆಯುವ ಮುನ್ನ ಪಟ್ಟಿಕೆಯನ್ನು ಒಂದೇ ಖಚಿತ ರೂಪಕ್ಕೆ ತರಬೇಕು. ಕೀಲಿಪದಗಳ ಕ್ರಮ, ಖಾಲಿ ಜಾಗ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಇದಕ್ಕಾಗಿ ಆರ್‌ಎಫ್‌ಸಿ 8785 ಎಂಬ ನಿಯಮವಿದೆ. ಕನ್ನಡ ಪಠ್ಯಕ್ಕೆ ಇದರ ಮೇಲೆ ಇನ್ನೊಂದು ಎಚ್ಚರ ಬೇಕು: "ಕೋ" ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹ್ಯಾಶ್‌ಗೆ ಎರಡೂ ಬೇರೆ. ಎಲ್ಲ ಪಠ್ಯವನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದ ಮೇಲೆಯೇ ಹ್ಯಾಶ್ ತೆಗೆಯಿರಿ.

ಚೈನ್‌ನಲ್ಲಿ ಇಡಬೇಕಾದದ್ದು ಬರೆದವರ ಗುರುತು, ಪಟ್ಟಿಕೆಯ ಹ್ಯಾಶ್, ಇದು ಯಾವುದಕ್ಕಾದರೂ ಉತ್ತರವಾಗಿದ್ದರೆ ಅದರ ಸಂಖ್ಯೆ, ಇಷ್ಟೇ. ಸಿಐಡಿಯನ್ನು ಅಕ್ಷರಮಾಲೆಯಾಗಿ ಬರೆದರೆ ಎರಡು ಖಾನೆಗಳಿಗಿಂತ ಹೆಚ್ಚು ಹಿಡಿಯುತ್ತದೆ. ಎಸ್‌ಎಚ್‌ಎ-256 ಬಳಸುವ ಹೊಸ ಮಾದರಿಯ ಸಿಐಡಿ ಬೈಟ್ ರೂಪದಲ್ಲಿ 36 ಬೈಟ್. ಅದರಲ್ಲಿ ಮೊದಲ 4 ಬೈಟ್ ಎಲ್ಲಕ್ಕೂ ಸಮಾನವಾಗಿರುವಂತೆ ನಿಯಮ ಮಾಡಿಕೊಂಡರೆ, ಉಳಿದ 32 ಬೈಟ್ ಒಂದು ಖಾನೆಗೆ ಅಳೆದಿಟ್ಟಂತೆ ಹೊಂದುತ್ತದೆ.

ಹ್ಯಾಶ್ ಇಲ್ಲದೆ ಬರಿ ಕೊಂಡಿಯನ್ನು ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡು ಸಾರ್ವಜನಿಕ ಉದಾಹರಣೆಗಳಿವೆ. ಸಂದೇಶದ ಆ್ಯಪ್ ಸಿಗ್ನಲ್‌ನ ಸ್ಥಾಪಕ ಮಾಕ್ಸಿ ಮಾರ್ಲಿನ್‌ಸ್ಪೈಕ್ 2022ರ ಜನವರಿಯಲ್ಲಿ, ನೋಡುವವರು ಯಾರು ಎಂಬುದರ ಮೇಲೆ ಬೇರೆ ಬೇರೆ ಚಿತ್ರ ತೋರಿಸುವ ಎನ್‌ಎಫ್‌ಟಿಯೊಂದನ್ನು (ಒಡೆತನ ಚೈನ್‌ನಲ್ಲಿ ದಾಖಲಾಗುವ ವಿಶಿಷ್ಟ ಟೋಕನ್) ಮಾಡಿ ತೋರಿಸಿದರು; ಚೈನ್‌ನಲ್ಲಿ ಇದ್ದದ್ದು ಸರ್ವರ್‌ನ ಕೊಂಡಿ ಮಾತ್ರವಾದ್ದರಿಂದ ಅದು ಸಾಧ್ಯವಾಯಿತು. ಅದೇ ವರ್ಷದ ಕೊನೆಯಲ್ಲಿ ಕ್ರಿಪ್ಟೊ ವಿನಿಮಯ ಕೇಂದ್ರ ಎಫ್‌ಟಿಎಕ್ಸ್ ದಿವಾಳಿಯಾದ ಮೇಲೆ, ಅದರ ಸರ್ವರ್‌ಗಳನ್ನು ಆಧರಿಸಿದ್ದ ಎನ್‌ಎಫ್‌ಟಿಗಳ ಚಿತ್ರಗಳು ಕಾಣದಾದವು. ಟೋಕನ್‌ಗಳು ಚೈನ್‌ನಲ್ಲಿ ಸುಭದ್ರವಾಗಿದ್ದವು, ತೋರಿಸಲು ಏನೂ ಇರಲಿಲ್ಲ.

ಕೆಲಸದ ಕ್ರಮವೂ ಮುಖ್ಯ. ಸಾಧನದಲ್ಲೇ ಹ್ಯಾಶ್ ತೆಗೆಯಿರಿ, ಫೈಲನ್ನು ಎರಡು ಕಡೆ ಪಿನ್ ಮಾಡಿ, ಎರಡೂ ಕಡೆಯಿಂದ ಮರಳಿ ತರಿಸಿ ಹ್ಯಾಶ್ ತಾಳೆ ನೋಡಿ, ಆಮೇಲೆ ಬಳಕೆದಾರರಿಂದ ಸಹಿ ಪಡೆದು ಚೈನ್‌ಗೆ ಕಳಿಸಿ. ಇದನ್ನು ತಿರುವುಮುರುವು ಮಾಡಿದರೆ ಸರಕಿಲ್ಲದ ರಸೀದಿಗಳು ಹುಟ್ಟುತ್ತವೆ. ಪಿನ್ ಆಗಿ ಸಹಿಯಾಗದೆ ಉಳಿದ ಅನಾಥ ಫೈಲುಗಳನ್ನು 24 ಗಂಟೆಯ ನಂತರ ಬಿಡುಗಡೆ ಮಾಡಿ.

ಆರನೆಯ ಹಂತ: ಓದುವ ದಾರಿ

ಬಹುತೇಕ ಬಳಕೆದಾರರು ಐಪಿಎಫ್‌ಎಸ್ ನೋಡ್ ನಡೆಸುವುದಿಲ್ಲ. ಗೇಟ್‌ವೇ ಮೂಲಕ ಸಾಮಾನ್ಯ ವೆಬ್ ವಿಳಾಸದಲ್ಲೇ ಚಿತ್ರ ನೋಡುತ್ತಾರೆ. ಆದ್ದರಿಂದ ಗೇಟ್‌ವೇಯ ಹೆಸರನ್ನು ಎಂದೂ ಚೈನ್‌ನಲ್ಲಾಗಲಿ ಪಟ್ಟಿಕೆಯಲ್ಲಾಗಲಿ ಬರೆಯಬೇಡಿ. ಸಿಐಡಿ ಮಾತ್ರ ದಾಖಲಾಗಿರಲಿ. ಯಾವ ಗೇಟ್‌ವೇಯಿಂದ ತರಬೇಕೆಂಬುದನ್ನು ಆ್ಯಪ್ ಆಯಾ ಹೊತ್ತಿಗೆ ನಿರ್ಧರಿಸಲಿ, ಒಂದು ಸತ್ತರೆ ಇನ್ನೊಂದಕ್ಕೆ ಹೊರಳಲಿ. ಬಂದ ಬೈಟ್‌ಗಳನ್ನು ಆ್ಯಪ್ ತಾನೇ ಹ್ಯಾಶ್ ಮಾಡಿ ತಾಳೆ ನೋಡಬೇಕು. ಈ ಪರೀಕ್ಷೆ ಬಿಟ್ಟರೆ ಗೇಟ್‌ವೇ ನಡೆಸುವವರು ಕೊಟ್ಟದ್ದನ್ನು ಕಣ್ಣುಮುಚ್ಚಿ ನಂಬಿದಂತೆ. ಆಗ ಇಷ್ಟೆಲ್ಲ ಶ್ರಮದ ಫಲ ಸಾಮಾನ್ಯ ಸರ್ವರ್‌ಗಿಂತ ಹೆಚ್ಚಲ್ಲ. ನಿಮ್ಮದೇ ಗೇಟ್‌ವೇ ನಡೆಸುವುದಾದರೆ ಪ್ರತಿ ಸಿಐಡಿಗೂ ಪ್ರತ್ಯೇಕ ಉಪಡೊಮೇನ್ ಕೊಡುವ ಮಾದರಿ ಆರಿಸಿ. ಇಲ್ಲವಾದರೆ ಒಬ್ಬರು ಹಾಕಿದ ಪುಟದ ಸ್ಕ್ರಿಪ್ಟ್ ಇನ್ನೊಬ್ಬರ ಕುಕಿಗಳಿಗೆ ಕೈ ಹಾಕಬಹುದು.

ಏಳನೆಯ ಹಂತ: ಅಳಿಸುವುದಕ್ಕೂ ಜಾಗ ಬಿಡಿ

ಅಳಿಸಲಾಗದಿರುವುದು ಹಣದ ಲೆಕ್ಕದಲ್ಲಿ ಗುಣ, ಮನುಷ್ಯರ ಮಾತಿನಲ್ಲಿ ಬಹಳ ಸಲ ದೋಷ. ಕೋಪದಲ್ಲಿ ಬರೆದದ್ದು, ಒಪ್ಪಿಗೆಯಿಲ್ಲದೆ ಹಾಕಿದ ಇನ್ನೊಬ್ಬರ ಚಿತ್ರ, ಕಾನೂನುಬಾಹಿರ ವಸ್ತು ಎಲ್ಲ ಜಾಲಕ್ಕೂ ಬರುತ್ತವೆ. ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ಕಾನೂನಿನ 17ನೆಯ ವಿಧಿ ತಮ್ಮ ವೈಯಕ್ತಿಕ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ. ಚೈನ್‌ನಲ್ಲಿ ಪಠ್ಯ ಬರೆದವರು ಈ ಕೋರಿಕೆಗೆ ಕೈಚೆಲ್ಲಬೇಕು. ಉಪ್ಪು ಬೆರೆಸಿದ ಹ್ಯಾಶ್ ಮಾತ್ರ ಇಟ್ಟವರು ಪಿನ್ ತೆಗೆದು, ಪಟ್ಟಿಕೆಯನ್ನೂ ಉಪ್ಪನ್ನೂ ಅಳಿಸಿ, ಚೈನ್‌ನಲ್ಲಿ ಅರ್ಥ ಕಳೆದುಕೊಂಡ 32 ಬೈಟ್‌ಗಳನ್ನು ಮಾತ್ರ ಉಳಿಸಬಹುದು. ಗೂಢಲಿಪಿಯಲ್ಲಿದ್ದ ಬರಹಕ್ಕೆ ಅದರ ಕೀಲಿಯನ್ನು ನಾಶಮಾಡಬಹುದು. ಅಷ್ಟರಲ್ಲಿ ನಕಲು ಮಾಡಿಕೊಂಡವರ ಬಳಿ ಇರುವುದನ್ನು ಯಾವ ತಂತ್ರವೂ ಹಿಂಪಡೆಯಲಾರದು, ಮತ್ತು ಇದನ್ನು ಬಳಕೆದಾರರಿಗೆ ಪ್ರಕಟಿಸುವ ಗುಂಡಿಯ ಬಳಿಯೇ ಸರಳ ಮಾತಿನಲ್ಲಿ ತಿಳಿಸಬೇಕು.

ಶಾಶ್ವತ ಸಂಗ್ರಹಕ್ಕೆ ಕಳಿಸುವ ವಿಷಯಕ್ಕೆ ಒಂದೆರಡು ದಿನಗಳ ಕಾಯುವ ಅವಧಿ ಇಡಿ; ಪರಿಶೀಲನೆ ಮತ್ತು ಬರೆದವರ ಮರುಯೋಚನೆ ಎರಡಕ್ಕೂ ಅದು ಸಮಯ ಕೊಡುತ್ತದೆ. ತೆಗೆದುಹಾಕಬೇಕಾದ ವಸ್ತುವಿನ ಸಿಐಡಿಗಳ ನಿಷೇಧ ಪಟ್ಟಿ ನಿಮ್ಮ ಗೇಟ್‌ವೇಯಲ್ಲೂ ಪಿನ್ ಮಾಡುವ ನೋಡ್‌ನಲ್ಲೂ ಇರಬೇಕು. ಬರಹ ತಿದ್ದುವುದಕ್ಕೆ ಹೊಸ ಪಟ್ಟಿಕೆ ಮಾಡಿ, ಹಳೆಯದರ ಹ್ಯಾಶನ್ನು ಅದರಲ್ಲಿ ಉಲ್ಲೇಖಿಸಿದರೆ ಸಾಕು.

ಎಂಟನೆಯ ಹಂತ: ಬೀಗ ಹಾಕಿ ನೋಡಿ

ಜಾಲವನ್ನು ಜನರಿಗೆ ತೆರೆಯುವ ಮೊದಲು, ಮತ್ತು ಅನಂತರ ಮೂರು ತಿಂಗಳಿಗೊಮ್ಮೆ, ಒಂದು ತಾಲೀಮು ನಡೆಸಿ. ನಿಮ್ಮ ಸ್ವಂತ ನೋಡ್, ಗೇಟ್‌ವೇ, ಡೇಟಾಬೇಸ್ ಎಲ್ಲವನ್ನೂ ನಿಲ್ಲಿಸಿ. ಹೊಸ ಯಂತ್ರವೊಂದರಲ್ಲಿ ಚೈನ್‌ನ ದಾಖಲೆಗಳನ್ನು ಮಾತ್ರ ಹಿಡಿದು, ಯಾದೃಚ್ಛಿಕವಾಗಿ ಆರಿಸಿದ ಒಂದು ಸಾವಿರ ಬರಹಗಳನ್ನು ಹೊರಗಿನ ಮೂಲಗಳಿಂದ ತರಿಸಿ, ಹ್ಯಾಶ್ ತಾಳೆ ನೋಡಿ, ಪುಟವನ್ನು ಮರಳಿ ಕಟ್ಟಲು ಪ್ರಯತ್ನಿಸಿ. ಎಷ್ಟು ಸಿಕ್ಕಿದವು, ಎಷ್ಟು ತಡವಾದವು, ಎಷ್ಟು ಸಿಗಲೇ ಇಲ್ಲ ಎಂಬ ಮೂರು ಅಂಕಿಗಳನ್ನು ಬರೆದಿಡಿ. ಹೊರಗೆ ಸಿಗದಿದ್ದ ಪ್ರತಿ ಸಿಐಡಿಯನ್ನು ನಿಮ್ಮ ನೋಡ್ ಮರಳಿ ಎದ್ದ ಕೂಡಲೇ ಎರಡನೆಯ ಸೇವೆಗೆ ಮತ್ತೆ ಪಿನ್ ಮಾಡಿಸಿ, ಅದು ಅಲ್ಲಿಂದ ಏಕೆ ಜಾರಿತು ಎಂದು ಹುಡುಕಿ. ಅವಧಿ ಮುಗಿದ ಒಪ್ಪಂದ, ತುಂಬಿದ ಖಾತೆ, ಪಾವತಿಯಾಗದ ಬಿಲ್ಲು, ಈ ಮೂರರಲ್ಲಿ ಒಂದು ಸಾಮಾನ್ಯವಾಗಿ ಕೈಗೆ ಸಿಗುತ್ತದೆ.

ಇದೇ ತಾಲೀಮಿನ ಕೋಡನ್ನು ಸ್ವಲ್ಪ ತಿದ್ದಿ, ಬಳಕೆದಾರರು ತಮ್ಮ ಎಲ್ಲ ಬರಹಗಳ ಪಟ್ಟಿಕೆ ಮತ್ತು ಮಾಧ್ಯಮಗಳನ್ನು ಒಂದೇ ಸಿಎಆರ್ ಫೈಲಾಗಿ (ಐಪಿಎಫ್‌ಎಸ್ ತುಣುಕುಗಳನ್ನು ಒಟ್ಟಿಗೆ ಕಟ್ಟಿದ ಗಂಟಾಗಿ) ಇಳಿಸಿಕೊಳ್ಳುವ ಗುಂಡಿಯಾಗಿ ಕೊಡಿ. ಆ ಫೈಲನ್ನು ಅವರು ಯಾವುದೇ ಐಪಿಎಫ್‌ಎಸ್ ನೋಡ್‌ಗೆ ತುಂಬಿದರೆ ಅವೇ ಸಿಐಡಿಗಳು ಮತ್ತೆ ಜೀವಂತವಾಗುತ್ತವೆ, ಚೈನ್‌ನಲ್ಲಿರುವ ಹಳೆಯ ಹ್ಯಾಶ್‌ಗಳು ಯಾವ ತಿದ್ದುಪಡಿಯೂ ಇಲ್ಲದೆ ಅವುಗಳಿಗೆ ಹೊಂದುತ್ತವೆ.